ಬಾವುಟದ ಕೋಲಿಗೆ ಎರಡು ಬ್ಯಾಗು

ಅಪ್ಪ,

ಇವತ್ತು ನಿಮ್ಮ ಮೊಮ್ಮಗಳು ವೀಟ್ಸ್‌ಕೆ ಶಾಲೆಯ ಕೊನೆಯ ಪರೀಕ್ಷೆ ಪಾಸಾದಳು. ರೋಟರ್‌ಡ್ಯಾಮಿನ ನಮ್ಮ ಬೀದಿಯಲ್ಲಿ ಪಾಸಾದ ಮಕ್ಕಳ ಮನೆ ಮುಂದೆಲ್ಲ ಬಾವುಟ, ಕೋಲಿನ ತುದಿಗೆ ಅವರವರ ಶಾಲೆಯ ಬ್ಯಾಗು. ಇವಳು ಯೂನಿವರ್ಸಿಟಿಗೆ ಹೋಗುವುದಿಲ್ಲವಂತೆ. ನನ್ನ ಹಾಗೆ ಬಂದರಿನಲ್ಲಿ ಕ್ರೇನ್ ನಡೆಸುತ್ತಾಳಂತೆ.

"ಯಾರು ಇದನ್ನ ನಿನ್ನ ತಲೆಗೆ ತುಂಬಿದ್ದು?" ಎಂದೆ.

"ಯಾರೂ ಇಲ್ಲ. ನಿನ್ನಷ್ಟು ಸಂಬಳ ನಮ್ಮ ಮೇಷ್ಟ್ರಿಗೂ ಇಲ್ಲ."

"ಕಂಟೇನರ್ ಒಳಗೆ ಕದ್ದು ಕೊಕೇನ್ ಬರುತ್ತೆ, ಗೊತ್ತಾ? ಆ ಸಾಗಣೆಯವರು ಯಾರಾದ್ರೂ ಬಂದು ಮಾತಾಡಿಸಿದ್ರಾ? ನಿಜ ಹೇಳು."

ಅವಳು ನಕ್ಕಳು. "ಥೇಟ್ ಅಜ್ಜನೇ ನೀನು."

ನಾನು ಕ್ರೇನ್ ಹತ್ತಿದ ವರ್ಷ ನೀವು ಕೇಳಿದ್ದಿರಿ: "ಡಿಗ್ರಿ ಇಲ್ದೋನಿಗೆ ಇಷ್ಟು ಸಂಬಳ ಯಾಕೋ ಕೊಡ್ತಾರೆ? ಕಣ್ಣು ಮುಚ್ಕೊಂಡಿರೋಕಾ?" ಆ ಸಂಬಳದಲ್ಲಿ ನಾನು ತಂದ ಕಾಫಿ ಯಂತ್ರವನ್ನು ನೀವು ಡಬ್ಬಿಯಿಂದ ಹೊರಗೆ ತೆಗೆಯಲೇ ಇಲ್ಲ. ಅದಕ್ಕೂ ಮೊದಲು, ನಾನು ತಾಂತ್ರಿಕ ಶಾಲೆ ಪಾಸಾದಾಗ, ನಮ್ಮ ಮನೆ ಮುಂದೆ ಬಾವುಟ ಏರಲಿಲ್ಲ.

ಸಂಜೆ ವೀಟ್ಸ್‌ಕೆ ತನ್ನ ಬ್ಯಾಗಿನ ಜೊತೆ ಇನ್ನೊಂದು ಹಳೆಯ ಬ್ಯಾಗನ್ನೂ ಹಿಡಿದು ನಿಂತಿದ್ದಳು. ಅದು ನನ್ನ ತಾಂತ್ರಿಕ ಶಾಲೆಯ ಬ್ಯಾಗು. ನೀವು ತೀರಿಹೋದ ಮೇಲೆ ನಿಮ್ಮ ಶೆಡ್ಡಿನಲ್ಲಿ ಉಳಿದಿದ್ದ ಸಾಮಾನಿನ ನಡುವೆ ಸಿಕ್ಕಿತಂತೆ.

"ಇದಕ್ಕೆ ಈ ಹಗ್ಗ ನೀನೇ ಕಟ್ಟಿದ್ದು ತಾನೇ?" ಎಂದೆ.

"ಅಲ್ಲಪ್ಪ. ಸಿಕ್ಕಾಗಲೇ ಹೀಗಿತ್ತು, ಕೋಲಿಗೆ ಸಿಕ್ಕಿಸೋ ಕುಣಿಕೆ ಸಮೇತ."

ನಂಬದೆ ಗಂಟನ್ನು ಮುಟ್ಟಿ ನೋಡಿದೆ. ಸೈಕಲ್ಲಿಗೆ ಪುಸ್ತಕದ ಕಟ್ಟು ಬಿಗಿಯುವಾಗ ನೀವು ಹಾಕುತ್ತಿದ್ದ ಗಂಟು ಅದು.

ಕ್ರೇನಿನ ಮಾತನ್ನು ನಾನು ಮತ್ತೆ ಎತ್ತಲಿಲ್ಲ. ಎರಡೂ ಬ್ಯಾಗು ಮೇಲಿವೆ. ಗಾಳಿ ಜೋರಾಗಿದೆ, ನಿಮ್ಮ ಗಂಟು ಇನ್ನೂ ಬಿಚ್ಚಿಕೊಂಡಿಲ್ಲ.