ಸೇತುವೆ ಕೆಳಗಿನ ಅಳತೆಗಂಬ

ಮನೆಯಿಂದ,
ಗುರುವಾರ ಬೆಳಿಗ್ಗೆ, ನೀರು ಇಳಿದ ಮೂರನೇ ದಿನ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಹಾಸ್ಟೆಲಿನ ಊಟ ಒಗ್ಗಿತೇ? ಕಾಲುನೋವಿಗೆ ಏನಾದರೂ ಹಚ್ಚಿಕೊಳ್ಳುತ್ತಿದ್ದೀಯೋ, ಇಲ್ಲ ನರ್ಸ್ ಆಗುವವರು ತಮಗೆ ತಾವೇ ಮದ್ದು ಮಾಡಿಕೊಳ್ಳಬಾರದೆಂದು ನಿಮ್ಮಲ್ಲಿ ನಿಯಮವಿದೆಯೋ? ಇಲ್ಲಿ ಅಮ್ಮ, ನಿನ್ನ ಪುಟ್ಟಿ, ನಾನು ಚೆನ್ನಾಗಿದ್ದೇವೆ. ಭಾವನೂ ಚೆನ್ನಾಗಿದ್ದಾರೆ. ಅವರ ಹೆಸರೆತ್ತಿದರೆ ನೀನು ಫೋನ್ ಇಟ್ಟುಬಿಡುತ್ತೀಯ, ಅದಕ್ಕೇ ಈ ಕಾಗದ. ಸಿಟ್ಟಿನಲ್ಲಿ ಮಡಚಿ ಎಸೆದರೂ ಮತ್ತೆ ಎತ್ತಿಕೊಂಡು ಓದುತ್ತೀಯ, ನಿನ್ನ ಗುಣ ನನಗೆ ಗೊತ್ತಿಲ್ಲವೇ.

ಸೋಮವಾರ ಬೆಳಿಗ್ಗೆ ಚರಂಡಿ ಉಕ್ಕಿ ನೀರು ಹೊಸ್ತಿಲಿಗೆ ಬಂದ ಕೂಡಲೇ ಅಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತಳು. ಮೊದಲು ಮೇನ್ ಸ್ವಿಚ್ ಆರಿಸಿದಳು, ಆಮೇಲೆ ಸಿಲಿಂಡರ್ ಮುಚ್ಚಿಸಿದಳು. ಕುಡಿಯುವ ನೀರಿನ ಕೊಡಗಳು, ಮಾತ್ರೆಯ ಡಬ್ಬಿ, ಟಾರ್ಚು ಎಲ್ಲವೂ ಮಹಡಿಯ ದರ್ಜಿ ಅಜ್ಜನ ಮನೆ ಸೇರಿದವು. ನಿನ್ನ ಸರ್ಟಿಫಿಕೇಟುಗಳನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತುತ್ತಾ, "ನಿನ್ನವೂ ಇದ್ದರೆ ಕೊಡು" ಎಂದು ನನ್ನನ್ನು ಕೇಳಿದಳು. ಒಂಬತ್ತನೇ ಕ್ಲಾಸಿಗೆ ಬೆನ್ನು ತೋರಿಸಿದವನನ್ನು ಕೇಳುವ ಮಾತೇ ಅದು? ಒಳಗೆ ಮೊಣಕಾಲುದ್ದ ನೀರು ನಿಂತಿತ್ತು. ಇಳಿದ ಮೇಲೂ ಎಲೆಕ್ಟ್ರಿಷಿಯನ್ ಬಂದು ನೋಡುವವರೆಗೆ ಯಾರಿಗೂ ಸ್ವಿಚ್ ಮುಟ್ಟಲು ಬಿಡಲಿಲ್ಲ. ನಲ್ಲಿಯ ನೀರನ್ನು ಇವತ್ತಿಗೂ ಕುದಿಸಿಯೇ ಕೊಡುತ್ತಾಳೆ. ಕೆಸರು ತೊಳೆದು ತೊಳೆದು ನನ್ನ ಸೊಂಟ ಬಿದ್ದುಹೋಗಿದೆ.

ಇನ್ನು ದಾರಿಯ ಸಂಗತಿ. ಪಕ್ಕದ ಮನೆಯವರು ನಿನಗೆ ಹೇಳಿದ್ದು ಅರ್ಧ. ಅದೇ ಸೋಮವಾರ ಶಾಲೆ ಬೇಗ ಬಿಟ್ಟಿತು. ಭಾವ ಆಸ್ಪತ್ರೆಗೆ ಒಗೆದ ಹೊದಿಕೆಗಳನ್ನು ಇಳಿಸಿ, ಅದೇ ಲಾಂಡ್ರಿ ವ್ಯಾನಿನಲ್ಲಿ ಪುಟ್ಟಿಯನ್ನು ಕೂರಿಸಿಕೊಂಡು ರೈಲು ಸೇತುವೆಯ ಕೆಳಗಿನ ತಗ್ಗಿಗೆ ಬಂದರು. ಕಣ್ಣುಮುಚ್ಚಿ ನುಗ್ಗಲಿಲ್ಲ. ಗಾಡಿ ನಿಲ್ಲಿಸಿ, ಇಳಿದು, ರಸ್ತೆಯ ಮೇಲೆ ನೀರೆಷ್ಟಿದೆ ಎಂದು ತೋರಿಸುವ ಅಳತೆಗಂಬ ನೋಡಿದರು. ಒಂದಡಿ ತೋರಿಸಿತು. ಒಂದಡಿ ನೀರಲ್ಲಿ ಅವರ ವ್ಯಾನು ಎಷ್ಟೋ ಸಲ ದಾಟಿದೆ. ಈ ಸಲ ನಡುವೆ ಇಂಜಿನ್ ನಿಂತಿತು, ನೀರು ಸೀಟಿಗೆ ಬಂತು, ಬಾಗಿಲು ತೆರೆಯಲಾಗಲಿಲ್ಲ. ಕಿಟಕಿಯಿಂದ ಹೊರಬಂದು ಪುಟ್ಟಿಯನ್ನು ಹೆಗಲ ಮೇಲೆ ಕೂರಿಸಿಕೊಂಡು, ಅಗ್ನಿಶಾಮಕದವರು ಎಸೆದ ಹಗ್ಗ ಹಿಡಿದು ದಡ ಸೇರಿದರು. ಅವರಲ್ಲೊಬ್ಬ ಹಿರಿಯ, "ನೀರಿನ ಕೆಳಗೆ ರಸ್ತೆ ಇನ್ನೂ ಇದೆ ಅಂತ ನಿಂಗೆ ಯಾರಪ್ಪ ಹೇಳಿದ್ದು?" ಎಂದನಂತೆ. ಪುಟ್ಟಿಯಂತೂ ಬೀದಿಯ ಮಕ್ಕಳಿಗೆಲ್ಲ ಅಪ್ಪನ ಮೇಲೆ ಸವಾರಿ ಮಾಡಿದ ಕಥೆ ಹೇಳಿದ್ದೇ ಹೇಳಿದ್ದು.

ನೀನು ಕೋರ್ಸ್ ಬಿಟ್ಟು ಬಂದು ಪುಟ್ಟಿಯನ್ನು ಕರೆದುಕೊಂಡು ಹೋಗುತ್ತೇನೆ, ಆ ಮನುಷ್ಯನ ಹತ್ತಿರ ಇನ್ನು ಮಾತಿಲ್ಲ ಎಂದೆಯಂತೆ. ಇನ್ನು ಮೂರೇ ತಿಂಗಳು ಅಕ್ಕಾ. ಅರ್ಧಕ್ಕೆ ಬಿಡುವುದು ಎಷ್ಟು ಸುಲಭ, ಆಮೇಲೆ ಎಷ್ಟು ಕಷ್ಟ ಅನ್ನುವುದನ್ನು ಈ ಮನೆಯಲ್ಲಿ ನನ್ನಷ್ಟು ಬಲ್ಲವರಿಲ್ಲ.

ಅಮ್ಮನ ಆಶೀರ್ವಾದ, ಪುಟ್ಟಿಯ ಎರಡು ಮುತ್ತು. ಹುಷಾರು.

ನಿನ್ನ ತಮ್ಮ

ಮತ್ತೆ: ಒಂದು ವಿಷಯ ನಿನಗೆ ಹೇಳುವುದಿಲ್ಲ ಎಂದು ಭಾವನಿಗೆ ಮಾತು ಕೊಟ್ಟಿದ್ದಕ್ಕೆ ಕಾಗದ ಅಲ್ಲಿಗೇ ಮುಗಿಸಿ ಸಹಿ ಹಾಕಿದ್ದೆ. ಲಕೋಟೆಗೆ ಅಂಟು ಹಚ್ಚಲು ಮನಸ್ಸು ಬರಲಿಲ್ಲ. ಆ ಕಂಬಕ್ಕೆ ಅಂಕಿ ಬರೆದವನು ನಾನು. ಬೇಸಿಗೆಯಲ್ಲಿ ಬೋರ್ಡ್ ಬರೆಯುವ ನಮ್ಮ ಮೇಸ್ತ್ರಿಗೆ ಆ ಕೆಲಸ ಬಂದಿತ್ತು. ರಸ್ತೆಯ ಮಟ್ಟದಿಂದ ದಾರ ಹಿಡಿದು ಅಳೆ ಎಂದು ಹೇಳಿಯೇ ಹೋಗಿದ್ದರು. ನನಗೆ ಬೇಗ ಮುಗಿಸಿ ಓಡುವ ಆತುರ. ಕಂಬ ನಿಂತಿರುವುದು ಜನ ನಡೆಯುವ ಕಟ್ಟೆಯ ಮೇಲೆ, ನಾನು ಟೇಪ್ ಇಟ್ಟದ್ದು ಕಂಬದ ಬುಡಕ್ಕೆ. ಕಟ್ಟೆ ರಸ್ತೆಗಿಂತ ಒಂದೂವರೆ ಅಡಿ ಎತ್ತರ. ಕಂಬ ಒಂದು ಎಂದಾಗ ರಸ್ತೆಯಲ್ಲಿ ಎರಡೂವರೆ. ಮಂಗಳವಾರ ಸೇತುವೆಯ ಗೋಡೆಯ ಮೇಲಿನ ಕೆಸರಿನ ಗೆರೆಯನ್ನು ರಸ್ತೆಯಿಂದ ಅಳೆದು ನೋಡಿದಾಗಲೇ ನನ್ನ ತಪ್ಪು ಗೊತ್ತಾಯಿತು. ಮೇಸ್ತ್ರಿಗೆ ಹೇಳಿದೆ, ಅವರು ಬೈಯುತ್ತಲೇ ಏಣಿ ಹಿಡಿದರು, ಅವತ್ತೇ ಅಳಿಸಿ ಸರಿಯಾಗಿ ಬರೆದೆ. ಭಾವನಿಗೂ ಹೇಳಿದೆ. ಅವರು, "ನಿಮ್ಮಕ್ಕನಿಗೆ ಹೇಳ್ಬೇಡ ಕಣೋ. ಗಂಡನ ಮೇಲಿನ ಕೋಪ ಹೇಗೋ ಇಳಿಯುತ್ತೆ, ತಮ್ಮನ ಮೇಲೆ ಬಂದ್ರೆ ಇಳಿಯಲ್ಲ" ಎಂದರು. ಒಂದಡಿಯೇ ಇದ್ದರೂ ಮಗುವನ್ನು ಕೂರಿಸಿಕೊಂಡು ಇಳಿಯಬಾರದಿತ್ತು, ಅಷ್ಟು ಅವರ ತಪ್ಪು, ಅದನ್ನು ಮುಚ್ಚಿಡುವುದಿಲ್ಲ. ಮಿಕ್ಕದ್ದೆಲ್ಲ ನನ್ನದು. ಕೋರ್ಸ್ ಬಿಡಬೇಡ. ಕಾಗದ ತಲುಪಿದ ದಿನ ಮಧ್ಯಾಹ್ನ ಅವರಿಗೆ ಫೋನ್ ಮಾಡು, ಊಟಕ್ಕೆ ಮನೆಯಲ್ಲಿರುತ್ತಾರೆ. ನನ್ನನ್ನು ಬೈಯುವ ಸರದಿ ಸಂಜೆಗೆ ಇರಲಿ, ಕೆಲಸದಿಂದ ಬಂದು ಕಾಯುತ್ತಿರುತ್ತೇನೆ.