ನೇಪಾಳದ ಆಸ್ಪತ್ರೆಗೆ ಶಿಡ್ಲಘಟ್ಟದ ರೇಷ್ಮೆ ಪರದೆ

ಪ್ರೀತಿಯ ಮೇಷ್ಟ್ರೇ,

ಸಮಸ್ತ ಭೂಮಂಡಲಕ್ಕೂ, ಅದರಾಚೆ ನೀವಿರುವ ಲೋಕಕ್ಕೂ ಈ ಮೂಲಕ ಸಾರುವುದೇನೆಂದರೆ, ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆ ಹಿಂದಿರುವ ನಮ್ಮ ಬುದ್ಧ ಸಂಘದ ಮಹಡಿ ಕೋಣೆಯ ಫ್ಯಾನು ಕಿರುಗುಟ್ಟುವುದನ್ನು ನಿಲ್ಲಿಸಿದೆ! ಧ್ಯಾನಕ್ಕೆ ಕೂತಾಗಲೆಲ್ಲ ಒಂದು ಕಣ್ಣು ತೆರೆದು ಗುರಾಯಿಸುತ್ತಿದ್ದಿರಲ್ಲ, ಅದೇ ಫ್ಯಾನು. ರಿಪೇರಿ ಮಾಡಿಸಿದರೆಂದು ಹಿಗ್ಗಬೇಡಿ. ಸ್ವಿಚ್ ಒತ್ತುವವರೇ ಬರುತ್ತಿಲ್ಲ.

ಮೊದಲ ಸಭೆ ನೆನಪಿದೆಯೇ? ನಿವೃತ್ತರಾದ ನಿಮ್ಮನ್ನು ಹೈಸ್ಕೂಲಿನವರು ಬೀಳ್ಕೊಡುವಾಗ ಹಾಕಿದ ಹಾರ ಬಾಡುವ ಮೊದಲೇ ನಮ್ಮನ್ನೆಲ್ಲ ಒಟ್ಟುಹಾಕಿ, ನೇಪಾಳದ ಗುಡ್ಡದ ಮೇಲಿನ ಒಂದು ಭಿಕ್ಷುಣಿ ಮಠದ ಫೋಟೊ ತೋರಿಸಿದಿರಿ. ತಲೆ ಬೋಳಿಸಿಕೊಂಡ ಹುಡುಗಿಯರು, ಅವರ ಪಾಠಶಾಲೆ, ಪಕ್ಕದಲ್ಲಿ ಒಂದೇ ಕೋಣೆಯ ಆಸ್ಪತ್ರೆ. ಅಲ್ಲಿನ ಪೇಮಾ ಎಂಬ ಕಿರಿಯ ಭಿಕ್ಷುಣಿಯನ್ನು ನಾವು ನರ್ಸಿಂಗ್ ಓದಿಸಬೇಕು, ಇಲ್ಲದಿದ್ದರೆ ಆಸ್ಪತ್ರೆಗೆ ಬೀಗ ಬೀಳುತ್ತದೆ ಎಂದಿರಿ. ಗೌರಿಬಿದನೂರಿನ ಕಡೆಯಿಂದ ಬಂದಿದ್ದ ಕೃಷ್ಣಪ್ಪ ಎದ್ದು ನಿಂತರು.

“ಅಲ್ಲ ಮೇಷ್ಟ್ರೇ, ನಮ್ಮ ನಗರಗೆರೇಲಿ ಕೆಮ್ಮಿದ್ರೆ ಕೇಳೋರಿಲ್ಲ. ನೇಪಾಳಕ್ಕ್ಯಾಕೆ ಹೋಗಣ?”

“ಕೆಮ್ಮಲ್ಲಿ ನೇಪಾಳದ್ದು ಬೇರೆ, ನಗರಗೆರೇದು ಬೇರೆ ಅಂತ ಐತೇನಪ್ಪ?”

ಕೃಷ್ಣಪ್ಪ ಒಮ್ಮೆ ಕೆಮ್ಮಿ ಕೂತರು. ಅದು ಯಾವ ದೇಶದ ಕೆಮ್ಮೋ, ನಾವು ವಿಚಾರಿಸಲಿಲ್ಲ.

ಮಂಗಳವಾರದ ಸಂಜೆಗಳು. ನೀರಿನ ಜಗ್ಗಿಗೆ ಮೊಬೈಲು ಒರಗಿಸಿ, ವಿಡಿಯೊ ಕಾಲ್‌ನಲ್ಲಿ ನೀವು ಇಡೀ ಮಠಕ್ಕೆ ಇಂಗ್ಲಿಷ್ ಕಲಿಸುತ್ತಿದ್ದಿರಿ. ಸಿಟ್ಟು ಬಂದರೆ ಮಾತ್ರ ಇಂಗ್ಲಿಷ್ ಬಿಟ್ಟು ಅಪ್ಪಟ ಚಿಂತಾಮಣಿ ಕನ್ನಡಕ್ಕೆ ಇಳಿಯುತ್ತಿದ್ದಿರಿ. ಫಲವಾಗಿ ಪೇಮಾ ಒಂದು ದಿನ ಮೊಬೈಲಿನ ಪರದೆಯ ಮೇಲೆ ಕೈಮುಗಿದು, “ಹೌ ಆರ್ ಯು ಕಣಪ್ಪ?” ಎಂದಳು. ನೀವು ತಿದ್ದಲಿಲ್ಲ. ಯಾಕೆ ತಿದ್ದಲಿಲ್ಲ ಮೇಷ್ಟ್ರೇ?

ರಹಮತ್ ಭಾಯ್ ರೇಷ್ಮೆ ತಂದ ದಿನವಂತೂ... ಅವರಿಗೆ ಸಂಘವೂ ಗೊತ್ತಿಲ್ಲ, ಸೂತ್ರವೂ ಗೊತ್ತಿಲ್ಲ. ಮಗಳು ನಿಮ್ಮ ಶಿಷ್ಯೆ ಎಂಬ ಒಂದೇ ಕಾರಣಕ್ಕೆ, ತಮ್ಮ ಫಿಲೇಚರ್ ಘಟಕದಲ್ಲಿ ಗೂಡಿನಿಂದ ತೆಗೆದ ನೂಲಿನಿಂದಲೇ ನೇಯಿಸಿದ ಅರಿಶಿನ ಬಣ್ಣದ ಬಟ್ಟೆ ಹೊತ್ತು ತಂದರು. “ನಮ್ಮೂರಿಂದ ಇನ್ನೇನು ಕಳ್ಸೋದು ಸಾರ್? ಟೊಮೇಟೊ ಕಳ್ಸಿದ್ರೆ ದಾರೀಲೇ ಕೊಳ್ತೋಗ್ತದೆ. ಮಕ್ಕಳು ಬಟ್ಟೆ ಹೊಲಿಸ್ಕೊಳ್ಲಿ.” ಎಲ್ಲರೂ ಚಪ್ಪಾಳೆ ತಟ್ಟಿದೆವು. ಅಹಿಂಸೆಯ ಮೇಲೆ ಗಂಟೆಗಟ್ಟಲೆ ಭಾಷಣ ಮಾಡುವ ನೀವೂ ತಟ್ಟಿದಿರಿ. ಗೂಡನ್ನು ಬಿಸಿನೀರಲ್ಲಿ ಬೇಯಿಸಿ, ಒಳಗಿನ ಹುಳ ಸತ್ತ ಮೇಲೆ ಬರುವ ನೂಲು ಅದು ಎಂದು ಒಬ್ಬರಿಗಾದರೂ ಹೊಳೆಯಿತೇ? ಆ ವಾಸನೆಯಲ್ಲೇ ಬೆಳೆದ ಮೂಗುಗಳು ನಮ್ಮವು.

ಪಾರ್ಸೆಲ್ ತಲುಪಿದ ಮಂಗಳವಾರ ಹಿರಿಯ ಭಿಕ್ಷುಣಿ, ಇದನ್ನು ಹೇಗೆ ಮಾಡುತ್ತೀರಿ ಎಂದು ಕೇಳಿದರು. ರಹಮತ್ ಭಾಯ್ ಹೆಮ್ಮೆಯಿಂದ, ಕೈಸನ್ನೆ ಸಮೇತ, ಬೇಯಿಸುವುದನ್ನೂ ವರ್ಣಿಸಿದರು. ಅನುವಾದ ಮಾಡುತ್ತಿದ್ದ ನೀವು ಅರ್ಧದಲ್ಲೇ ನಿಂತಿರಿ. ಅಷ್ಟರಲ್ಲಿ ಭಿಕ್ಷುಣಿಯರಿಗೆ ಅರ್ಥವಾಗಿತ್ತು. ಅವರು ಬಯ್ಯಲಿಲ್ಲ. ಎಲ್ಲರೂ ಸಾಲಾಗಿ ಕೂತು ಆ ಹುಳಗಳಿಗಾಗಿ ಪ್ರಾರ್ಥನೆ ಮಾಡಿದರು. ರಹಮತ್ ಭಾಯ್ ಟೋಪಿ ಸರಿಮಾಡಿಕೊಳ್ಳುತ್ತ, “ಇಷ್ಟು ವರ್ಷದಲ್ಲಿ ನಮ್ಮ ಹುಳಕ್ಕೆ ಯಾರೂ ದುವಾ ಮಾಡಿರ್ಲಿಲ್ಲ ಮೇಷ್ಟ್ರೇ” ಎಂದರು. ಬಟ್ಟೆಯನ್ನು ಭಿಕ್ಷುಣಿಯರು ಉಡಲೂ ಇಲ್ಲ, ವಾಪಸು ಕಳಿಸಲೂ ಇಲ್ಲ. ಅದು ಆಸ್ಪತ್ರೆಯ ಕಿಟಕಿಗೆ ಪರದೆಯಾಯಿತು. ರೇಷ್ಮೆ ಪರದೆಯ ಮರೆಯಲ್ಲಿ ಹುಣ್ಣಿಗೆ ಮುಲಾಮು ಹಚ್ಚಿಸಿಕೊಳ್ಳುವ ಭಾಗ್ಯ ಯಾವ ಮಹಾರಾಜನಿಗಿತ್ತು? ಅಲ್ಲಿನ ಕುರಿ ಕಾಯುವವರಿಗಿತ್ತು.

ನಿಮ್ಮನ್ನು ಮಣ್ಣು ಮಾಡಿ ಬಂದ ಮೇಲೆ ಸಭೆ ಕರೆದೆ. ಪೇಮಾಳ ಓದಿನ ಖರ್ಚಿನ ಹೊಣೆ ಮುಂದೆ ಯಾರದು ಎಂದು ಅವಳ ಕಾಲೇಜಿನವರು ಕೇಳುತ್ತಿದ್ದರು. ಕೃಷ್ಣಪ್ಪ ಫೋನಿನಲ್ಲೇ ಮುಗಿಸಿದರು: “ಮೇಷ್ಟ್ರೇ ಇಲ್ಲ ಅಂದ್ಮೇಲೆ ಇನ್ನೇನೈತೆ, ಬಿಡಪ್ಪ.” ಚಿಂತಾಮಣಿಯವರಿಗೆ ಟೊಮೇಟೊ ಕೀಳುವ ಕೆಲಸ, ಚಿಕ್ಕಬಳ್ಳಾಪುರದವರಿಗೆ ಮದುವೆ. ಬಂದವರು ನಾನು, ರಹಮತ್ ಭಾಯ್. ಒಬ್ಬ ಬರೆದು ನಗಿಸುವವನು, ಒಬ್ಬ ಹುಳ ಬೇಯಿಸುವವನು. ನಾವಿಬ್ಬರೇ ಸಂಘ ಎಂದರೆ ಯಾವ ಕಾಲೇಜು ನಂಬೀತು? ನಂಬಲಿಲ್ಲ.

ಇಲ್ಲಿಯವರೆಗೆ ತಮಾಷೆ ಮಾಡಿ ಮುಂದೂಡಿದ ಸುದ್ದಿಯನ್ನು ಈಗ ಹೇಳಿಬಿಡುತ್ತೇನೆ. ಪೇಮಾಳ ಓದು ಅರ್ಧಕ್ಕೆ ನಿಂತಿತು. ಆಸ್ಪತ್ರೆಗೆ ಬೀಗ ಬಿದ್ದಿದೆ. ಅವಳೀಗ ಮಠದ ಅಡುಗೆಮನೆಯಲ್ಲಿದ್ದಾಳೆ. ಜ್ವರ ಬಂದವರು ಈಗಲೂ ಗುಡ್ಡ ಹತ್ತಿ ಬಾಗಿಲು ತಟ್ಟುತ್ತಾರಂತೆ. ಅವಳು ಹೊರಗೆ ಬಂದು ಬಿಸಿನೀರು ಕುಡಿಸಿ, ಪೇಟೆಗೆ ಇಳಿಯುವ ದಾರಿ ತೋರಿಸುತ್ತಾಳಂತೆ. ಕೊನೆಯ ಸಲ ಮಾತಾಡಿದಾಗ, “ಟೆಲ್ ಮೇಷ್ಟ್ರು, ಐ ಸ್ಟಡೀಡ್ ವೆಲ್ ಕಣಪ್ಪ” ಎಂದಳು. ನೀವಿಲ್ಲದ್ದು ಅವಳಿಗೆ ಗೊತ್ತು. ಆದರೂ ಹೇಳು ಎಂದಳು. ಹೇಳಿದ್ದೇನೆ.

ಎಲ್ಲ ಸರಿಮಾಡುತ್ತೇನೆಂದು ಮಾತು ಕೊಡಲು ನನಗೆ ಬಾಯಿ ಬರುತ್ತಿಲ್ಲ ಮೇಷ್ಟ್ರೇ. ಕೋಣೆಯನ್ನು ಈ ಭಾನುವಾರ ಬಿಟ್ಟುಕೊಡುತ್ತಿದ್ದೇವೆ. ಆ ಕೆಲಸವೂ ನಮ್ಮಿಬ್ಬರಿಂದಾಗದು. ನಿಮ್ಮನ್ನು ಕರೆದು ಪ್ರಯೋಜನವಿಲ್ಲ, ಆದ್ದರಿಂದ ಈ ಪತ್ರ ಓದುತ್ತಿರುವ ಇತರರನ್ನು ಕೇಳುತ್ತೇನೆ. ಅಲ್ಲಿ ಒಂದು ಕಬ್ಬಿಣದ ಬೀರು ಇದೆ. ಪೇಮಾಳ ಮುಂದಿನ ವರ್ಷಕ್ಕೆಂದು ಮೇಷ್ಟ್ರು ತರಿಸಿಟ್ಟ ಪುಸ್ತಕಗಳು ಅದರೊಳಗಿವೆ. ಅವನ್ನು ಹೊರಗೆ ತೆಗೆಯಲು ನಮಗೆ ಕೈ ಬಂದಿಲ್ಲ, ಹಾಗಾಗಿ ಬೀರು ಭಾರ. ಮೆಟ್ಟಿಲು ಕಿರಿದು, ನಮ್ಮಿಬ್ಬರಿಗೂ ಮಂಡಿನೋವು. ಆ ಕಡೆ ಬರುವವರಿದ್ದರೆ, ದಯವಿಟ್ಟು ಒಂದು ತುದಿ ಹಿಡಿದುಕೊಳ್ಳಿ.