ವಿಯೆಟ್ನಾಮಿನ ಹಲಸು

ಅಲ್ ನಹ್ದಾ, ದುಬೈ
9 ಫೆಬ್ರವರಿ 2025

ಪ್ರೀತಿಯ ನೋರ್ಬರ್ಟನಿಗೆ ಮೋಹನದಾಸನ ನಮಸ್ಕಾರ.

ನಾವಿಲ್ಲಿ ಸೌಖ್ಯ. ನೀನೂ ನಿನ್ನ ಹೆಂಡತಿ ಗರ್ಟ್ರೂಡ್ ಬಾಯಿಯೂ ಕಿನ್ನಿಗೋಳಿಯಲ್ಲಿ ಕ್ಷೇಮವೆಂದು ತಿಳಿದಿದ್ದೇನೆ. ನೀನು ಆರು ಸಲ ಫೋನ್ ಮಾಡಿದರೂ ನಾನು ಎತ್ತಲಿಲ್ಲ. ತಪ್ಪು ನನ್ನದೇ. ಬೈಯುವುದಾದರೆ ಕಾಗದ ಪೂರ್ತಿ ಓದಿದ ಮೇಲೆ ಬೈ. ಫೋನಿನಲ್ಲಿ ನಾನು ಎರಡನೇ ಮಾತಿಗೆ ರೇಗುತ್ತೇನೆ, ನೀನು ಮೂರನೆಯದಕ್ಕೆ ಕಟ್ ಮಾಡುತ್ತೀಯ. ವಾಯ್ಸ್ ಮೆಸೇಜ್ ಕಳಿಸಿದರೆ ಇಗರ್ಜಿಯ ಅಂಗಳದಲ್ಲಿ ಎಲ್ಲರಿಗೂ ಕೇಳಿಸುತ್ತೀಯ. ಅದಕ್ಕೇ ಈ ಏಳನೇ ಕ್ಲಾಸಿನ ಅಕ್ಷರ. ಸಹಿಸಿಕೋ.

ನೀನು ಕೇಳುವುದು ಒಂದೇ: ಈ ವರ್ಷ ನಮ್ಮ ಹಪ್ಪಳದ ಕಾರ್ಖಾನೆಗೆ ಹಲಸಿನ ತೊಳೆ ಎಷ್ಟು ಬೇಕು, ಯಾವಾಗ ಹಡಗಿಗೆ ಹಾಕಲಿ ಎಂದು. ಅಲ್ಲಿಗೇ ಬರುತ್ತೇನೆ.

ಮೊದಲು ನಿನ್ನ ಕಳೆದ ವರ್ಷದ ಮಾಲಿನ ವಿಷಯ. ಗಟ್ಟಿ ತೊಳೆಯ ಬಕ್ಕೆ ಹಲಸು ಕಳಿಸು ಎಂದರೆ ನಡುನಡುವೆ ಮೆತ್ತಗಿನ ತುಳುವ ಹಲಸು ತುರುಕಿದ್ದೆ. ಅದು ಅರೆಯುವ ಯಂತ್ರಕ್ಕೆ ಗೋಂದಿನ ಹಾಗೆ ಅಂಟಿ ನಾಲ್ಕು ದಿನ ಕೆಲಸ ನಿಂತಿತು. ನಿನ್ನ ಐಸ್ ರೂಮಿನಲ್ಲಿ ಕರೆಂಟು ಹೋಗಿ ಬಂದು, ಮಾಲು ಕರಗಿ ಮತ್ತೆ ಗಟ್ಟಿಯಾಗಿತ್ತು. ಒಂದು ಪೆಟ್ಟಿಗೆಯಲ್ಲಿ ಹಲಸು ಕೊಯ್ಯುವ ಕತ್ತಿಯೇ ಸಿಕ್ಕಿತು! ಬಂದರಿನಲ್ಲಿ ತಪಾಸಣೆಯವನು ಅದನ್ನು ನನ್ನ ಮುಖದೆದುರು ಹಿಡಿದು, "ಇದನ್ನೂ ಹಪ್ಪಳಕ್ಕೆ ಹಾಕ್ತೀರಾ?" ಎಂದು ಕೇಳಿದ.

ಆಗಸ್ಟಿನಲ್ಲಿ ನಿನ್ನ ಮಾಲು ಮುಗಿಯಿತು. ಪ್ರತಿ ವರ್ಷ ಅಲ್ಲಿಂದ ಮುಂದಿನ ಸೀಸನ್‌ವರೆಗೆ ಕಾರ್ಖಾನೆಗೆ ಬೀಗ. ನಾನು ಮನೆಯಲ್ಲಿ ಕುಳಿತು ಸೊಸೆ ದೀಪ್ತಿಗೆ ಸಾರು ಮಾಡುವುದು ಹೇಗೆಂದು ಕಲಿಸುವುದು. ಈ ಸಲ ಮಗ ಸುಮಿತ್ ನನ್ನನ್ನು ಒಂದು ಮಾತೂ ಕೇಳದೆ ವಿಯೆಟ್ನಾಮಿನಿಂದ ತೊಳೆ ತರಿಸಿದ. ನಾನು ಕುಣಿದಾಡಿದೆ.

"ಉಡುಪಿ ಹಪ್ಪಳಕ್ಕೆ ಪರದೇಶದ ಹಲಸಾ? ಮಾನ ಉಂಟಾ ನಿಂಗೆ?"

"ಅಪ್ಪಾ, ದುಬೈಗೆ ಉಡುಪಿಯೂ ಪರದೇಶವೇ ಅಲ್ವಾ?"

ಬಾಗಿಲು ಬಡಿದು ಹೊರಗೆ ಹೋದೆ. ಹೊರಗೆ ಬೆಂಕಿಯಂಥ ಬಿಸಿಲು. ಮತ್ತೆ ಒಳಗೆ ಬಂದೆ.

ಆ ಹಾಳು ತೊಳೆಯಾದರೂ ಹೇಗಿತ್ತು ಗೊತ್ತಾ? ಎಲ್ಲ ಒಂದೇ ಅಳತೆ, ಒಂದೇ ಬಣ್ಣ, ಸಾಲಾಗಿ ನಿಂತ ಪೊಲೀಸರ ಹಾಗೆ. ವರ್ಷವಿಡೀ ಬರುತ್ತದಂತೆ. ಯಂತ್ರ ಒಂದು ದಿನವೂ ನಿಲ್ಲಲಿಲ್ಲ. ಮೊದಲು ನೂರರಲ್ಲಿ ಇಪ್ಪತ್ತು ಹಪ್ಪಳ ಒಡೆಯುತ್ತಿತ್ತು, ಈಗ ನಾಲ್ಕೂ ಒಡೆಯುವುದಿಲ್ಲ. ಮಾಲು ಅಬುಧಾಬಿಗೆ ಹೋಯಿತು, ಅಲ್ಲಿಂದ ಮರಳಿನ ನಡುವಿನ ಮದೀನತ್ ಜಾಯೆದ್‌ಗೂ ಹೋಯಿತು. ಈಗ ಒಮಾನಿನವರೂ ಕೇಳುತ್ತಿದ್ದಾರೆ. ಕೆಲಸಕ್ಕೆ ಇಬ್ಬರು ಹೊಸಬರು ಸೇರಿದ್ದಾರೆ. ಬೈಯಲು ಏನೂ ಸಿಗದೆ ನನ್ನ ಬಿಪಿ ಏರಿತು.

ನಿನ್ನೆ ಶನಿವಾರ, ನಮ್ಮ ಮಾಲನ್ನು ಅಂಗಡಿಗಳಿಗೆ ಹಂಚುವ ಭಟ್ಕಳದ ಉಸ್ಮಾನ್ ಬಂದಿದ್ದ. ಅವನೆದುರು, "ಏನೇ ಹೇಳು, ನೋರ್ಬರ್ಟಿನ ಹಲಸಿನ ರುಚಿ ಇದಕ್ಕೆ ಬರ್ಲಿಕ್ಕಿಲ್ಲ" ಎಂದು ಗುಡುಗಿದೆ.

"ಸರಿ ಅಪ್ಪಾ," ಎಂದ ಸುಮಿತ್. "ಹಳೇ ಮಾಲಿನದ್ದು ಒಂದು ಪ್ಯಾಕೆಟ್ ಉಂಟು. ಎರಡೂ ಕರಿದು ಕೊಡ್ತೇವೆ, ಯಾವುದು ಯಾರದ್ದು ಅಂತ ಹೇಳುದಿಲ್ಲ. ನೀವು ಯಾವುದು ಒಳ್ಳೇದು ಅಂತೀರೋ ಈ ವರ್ಷ ಅದೇ. ಆಮೇಲೆ ಮಾತು ತಿರುಗಿಸ್ಲಿಕ್ಕಿಲ್ಲ."

"ಮೋಹನದಾಸ ಮಾತು ತಿರುಗಿಸಿದ್ದು ಯಾವಾಗ ಮಾರಾಯ?" ಎಂದೆ.

ದೀಪ್ತಿ ಎರಡು ತಟ್ಟೆ ತಂದಿಟ್ಟಳು. ಎರಡನ್ನೂ ತಿಂದೆ. ಬಲಗಡೆಯದನ್ನು ಎತ್ತಿ ಹಿಡಿದು, "ಇದೇ ಒಳ್ಳೇದು. ಇದು ನೋರ್ಬರ್ಟಿನದ್ದು. ಬರಿ ಆರ್ಡರು!" ಎಂದೆ.

ದೀಪ್ತಿ ನಗು ತಡೆಯಲು ಬಾಯಿಗೆ ಕೈ ಅಡ್ಡ ಹಿಡಿದಳು. ಉಸ್ಮಾನನಿಗೆ ಅಷ್ಟೂ ಮರ್ಯಾದೆಯಿಲ್ಲ. "ಖಲಾಸ್, ಮೋಹನದಾಸಣ್ಣ! ನಿಮ್ಮ ನೋರ್ಬರ್ಟಣ್ಣ ವಿಯೆಟ್ನಾಮಿಗೆ ಹೋದದ್ದು ಯಾವಾಗ?" ಎಂದು ಹೊಟ್ಟೆ ಹಿಡಿದು ನಕ್ಕ.

ಹಾಗಾಗಿ ಈ ವರ್ಷ ನಿನ್ನ ಮಾಲು ಬೇಡ, ನೋರ್ಬರ್ಟ್. ಬರೆದುಬಿಟ್ಟೆ. ಇಪ್ಪತ್ತೆರಡು ವರ್ಷದಲ್ಲಿ ಇದೇ ಮೊದಲು. ಹಲಸಿನ ಮರದವರಿಗೆ ಮಾತು ಕೊಡಬೇಡ. ತೊಳೆ ಬಿಡಿಸುವ ಹೆಂಗಸರಿಗೂ ಈಗಲೇ ತಿಳಿಸು. ಮೋಹನದಾಸನೇ ಬೇಡವೆಂದ ಎಂದು ಹೇಳು, ಅವರ ಶಾಪ ನನಗೇ ತಟ್ಟಲಿ.

ನಿನ್ನ ಮೊಣಕಾಲಿಗೆ ದೇವರು ಬಲ ಕೊಡಲಿ. ಗರ್ಟ್ರೂಡ್ ಬಾಯಿ ನೂರು ವರ್ಷ ಬಾಳಿ ನಿನ್ನನ್ನು ಹದ್ದುಬಸ್ತಿನಲ್ಲಿಡಲಿ.

ನಿನ್ನ,
ಮೋಹನದಾಸ

ತಾ.ಕ.: ಇದನ್ನು ಗರ್ಟ್ರೂಡ್ ಬಾಯಿಗೆ ಓದಿ ಹೇಳಬೇಡ. ಎಡಗಡೆಯ ತಟ್ಟೆ ಮೂಗಿನ ಹತ್ತಿರ ಬರುವಾಗಲೇ ಅದು ನಿನ್ನದೆಂದು ನನಗೆ ಗೊತ್ತಾಗಿತ್ತು. ಆ ವಾಸನೆ ನನಗೆ ತಪ್ಪುವುದುಂಟೇ? ಆದರೆ ಬಾಯಿಗಿಟ್ಟರೆ ಹುಳಿ, ಹಲ್ಲಿನ ಸಂದಿಗೆಲ್ಲ ನಾರು. "ಇದು ನೋರ್ಬರ್ಟಿನದ್ದು, ನನಗೆ ಇದೇ ಬೇಕು" ಎಂದಿದ್ದರೆ ಯಾರೂ ತಡೆಯುತ್ತಿರಲಿಲ್ಲ. ಕಾರ್ಖಾನೆ ಇನ್ನೂ ನನ್ನ ಹೆಸರಿನಲ್ಲೇ ಉಂಟು. ಅವರೆಲ್ಲರೆದುರು ಅದನ್ನು ನಿನ್ನದೆಂದು ಹೇಳಲು ನನಗೆ ನಾಚಿಕೆಯಾಯಿತು. ಅದಕ್ಕೇ ಒಳ್ಳೆಯದಕ್ಕೆ ನಿನ್ನ ಹೆಸರು ಹೇಳಿದೆ.